ಪೆದ್ದನ ಗುಡ್ಡದಲ್ಲಿ ಅಡಗೂಲಜ್ಜಿ ಕಥೆಗಳು

ಮಗಳು ಮಾಟಗಾತಿಯ ಬಾಯೊಳಗೆ ಹೊಕ್ಕಳು, ಆಚೆಯಿಂದ ಜಾರಿಕೊಂಡು ಹೊರಬಂದಳು, ನಿಲ್ಲದೆ ಮತ್ತೆ ಬಾಯಿ ಕಡೆಗೇ ಓಡಿದಳು. ಎಷ್ಟು ಸಲ ಅಂತ ನಾನು ಎಣಿಸೋದೇ ಬಿಟ್ಟೆ. ಆ ಮಾಟಗಾತಿಯ ತಲೆ ಒಂದು ದೊಡ್ಡ ಜಾರುಬಂಡೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಸೇಲಂ ಊರಿಂದ ಸ್ವಲ್ಪ ದಕ್ಷಿಣಕ್ಕೆ, ಐ-5 ಹೆದ್ದಾರಿ ಪಕ್ಕದ ಗುಡ್ಡದಲ್ಲಿರುವ ಎನ್‌ಚಾಂಟೆಡ್ ಫಾರೆಸ್ಟ್ ಪಾರ್ಕ್‌ನಲ್ಲಿದೆ.

ಈ ಪಾರ್ಕ್ ಕಟ್ಟಿದವರು ರಾಜರ್ ಟಾಫ್ಟಿ. ದುಡ್ಡಿದ್ದವರಲ್ಲ, ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತಿದ್ದವರು. ಮನೆಯಲ್ಲಿ ಸಣ್ಣ ಮಕ್ಕಳು, ಅವರನ್ನು ಕರೆದುಕೊಂಡು ಹೋಗೋಕೆ ಸುತ್ತಮುತ್ತ ಅಂಥ ಜಾಗವೇ ಇಲ್ಲ. ಸರಿ, ನಾನೇ ಒಂದು ಮಾಡ್ತೀನಿ ಅಂತ ಹೊರಟರು. 1964ರಲ್ಲಿ 20 ಎಕರೆ ಕಾಡು ಜಾಗವನ್ನು 4,000 ಡಾಲರ್‌ಗೆ ಕೊಂಡರು, ಅದೂ ತಿಂಗಳಿಗೆ 50 ಡಾಲರ್ ಕಂತಿನ ಮೇಲೆ.

ಆಮೇಲಿನ ಏಳು ವರ್ಷ ನನಗೆ ತುಂಬಾ ಇಷ್ಟ. ಸಂಬಳ ಬಂದಾಗ ಕೆಲವು ಮೂಟೆ ಸಿಮೆಂಟ್ ತರೋದು, ಸಂಜೆ, ರಜೆ ದಿನ ಗುಡ್ಡಕ್ಕೆ ಹೋಗಿ ಒಂದು ಗೋಡೆಯೋ ಒಂದು ಬೊಂಬೆಯೋ ಮಾಡೋದು, ಸಿಮೆಂಟ್ ಮುಗಿದರೆ ಮುಂದಿನ ಸಂಬಳದವರೆಗೆ ಕಾಯೋದು. ನಮ್ಮಲ್ಲಿ ಸಂಬಳದವರು ಮನೆ ಕಟ್ಟಿಸೋದೂ ಹೀಗೇ ಅಲ್ವಾ, ಈ ವರ್ಷ ಗೋಡೆ, ಕೈಗೆ ಬೋನಸ್ ಬಂದರೆ ಕಿಟಕಿ ಬಾಗಿಲು. ಜನ ಈ ಜಾಗಕ್ಕೆ ‘ಪೆದ್ದನ ಗುಡ್ಡ’ ಅಂತ ಹೆಸರಿಟ್ಟರಂತೆ. ರಾಜರ್ ಮಾತ್ರ ಸುಮ್ನೆ ಸಿಮೆಂಟ್ ಕಲೆಸುತ್ತಲೇ ಇದ್ದರು.

1971ರ ಆಗಸ್ಟ್ 8ಕ್ಕೆ ಬಾಗಿಲು ತೆರೆಯಿತು. ದೊಡ್ಡವರಿಗೆ 1 ಡಾಲರ್, ಮಕ್ಕಳಿಗೆ ಅರ್ಧ. ಮೊದಲ ದಿನ ಬಂದವರು 75 ಜನ, ಎರಡನೇ ಭಾನುವಾರದ ಹೊತ್ತಿಗೆ ಸಾವಿರ. ದೆವ್ವದ ಮನೆ 1974ರಲ್ಲಿ ಬಂತು, ರೋಲರ್ ಕೋಸ್ಟರ್, ನೀರಲ್ಲಿ ಮರದ ದಿಮ್ಮಿ ಮೇಲೆ ಧುಮುಕುವ ರೈಡ್ ಎಲ್ಲ ಅದರ ನಂತರ. ಅಪ್ಪನ ಜೊತೆ ಮಕ್ಕಳೂ ಇಳಿದರು. ಮಗಳು ಸೂಸನ್ ಅಲ್ಲಿನ ನಾಟಕಗಳಿಗೆ ಸಂಗೀತ ಮಾಡಿದ್ದಾರೆ. ಈಗ ಮೊಮ್ಮಕ್ಕಳ ಕಾಲವೂ ಬಂದಿದೆ.

ರೈಡ್‌ಗಳು ನನಗೆ ಅಷ್ಟು ಮುಖ್ಯ ಅಲ್ಲ, ಅವು ಎಲ್ಲ ಕಡೆ ಸಿಗುತ್ತವೆ. ಹಳೆಯ ಕಥೆಗಳ ದಾರಿಯೇ ಚೆಂದ. ಗೋಡೆ ಮೇಲೆ ಕೂತ ಹಂಪ್ಟಿ ಡಂಪ್ಟಿ, ಏಳು ಕುಳ್ಳರ ಮನೆ, ಬೂಟಿನೊಳಗೆ ಸಂಸಾರ ಹೂಡಿದ ಅಜ್ಜಿ. ಅಚ್ಚಿನಿಂದ ಇಳಿಸಿದ ಹಾಗೆ ಯಾವುದೂ ಇಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಕೈಯಿಂದ ಮೆತ್ತಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

2020ರಲ್ಲಿ ಕೋವಿಡ್‌ನಿಂದ ಬಾಗಿಲು ಹಾಕಬೇಕಾಯಿತು. ಕೊನೆಗೆ ಟಾಫ್ಟಿ ಮನೆಯವರು ಜನರ ಮುಂದೆಯೇ ಸಹಾಯ ಕೇಳಿದರು. ಚಿಕ್ಕಂದಿನಲ್ಲಿ ಇಲ್ಲಿ ಓಡಾಡಿದ್ದ ಎಷ್ಟೋ ಜನ ದುಡ್ಡು ಕಳಿಸಿದರು. ಅದರ ಬೆನ್ನಿಗೇ 2021ರ ಫೆಬ್ರವರಿಯಲ್ಲಿ ಹಿಮಗಟ್ಟುವ ಮಳೆ ಬಂದು, ಮಂಜುಗಡ್ಡೆಯ ಭಾರಕ್ಕೆ ಮರಗಳು ಮುರಿದು ಬಿದ್ದವು. ಅವನ್ನೂ ಎತ್ತಿ ಪಾರ್ಕ್ ಮತ್ತೆ ತೆರೆದರು.

‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯ ಮೊಲದ ಬಿಲದೊಳಗೆ ಮಗಳು ನುಗ್ಗಿ ಹೋದಳು. ನಾನು ಹೊರಗೆ ನಿಂತು, ಗೋಡೆಯ ಆ ಉಬ್ಬುತಗ್ಗಿನ ಮೇಲೆ ಕೈ ಆಡಿಸುತ್ತಾ ಅವಳು ಆಚೆಯಿಂದ ಬರೋದನ್ನೇ ಕಾಯುತ್ತಿದ್ದೆ.