ಅಡ್ಡ ಇಡ್ಲಾ, ನೆಟ್ಟಗೆ ಇಡ್ಲಾ?

ಜುಲೈ 12, 2025, ಶನಿವಾರ

ಇವತ್ತು ಬೆಳಗಿನ ಶಾಲೆ. ಹೊರಗೆ ಜಿಟಿಜಿಟಿ ಮಳೆ, ಮಕ್ಕಳನ್ನು ಅಂಗಳಕ್ಕೆ ಬಿಡುವ ಹಾಗಿರಲಿಲ್ಲ. ಬಡಗಿಯ ಹತ್ತಿರ ಕೇಳಿ ತಂದಿದ್ದ ಮರದ ತುಂಡುಗಳ ಚೀಲ ತೆಗೆದೆ. ಬೇಸಿಗೆ ರಜೆಯಲ್ಲೇ ಒಂದೊಂದನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಇಟ್ಟಿದ್ದೆ, ಸಿಬುರು ಚುಚ್ಚಬಾರದಲ್ವಾ.

ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿದೆ. ಇಬ್ಬರಿಗೂ ಒಂದೇ ಥರದ ಎಂಟೆಂಟು ತುಂಡು. ಎರಡನೇ ತರಗತಿಯ ಹುಡುಗಿ ಕಟ್ಟುತ್ತಾ ಹೇಳಬೇಕು, ಹುಡುಗ ತಿರುಗಿ ನೋಡದೆ ಹಾಗೇ ಕಟ್ಟಬೇಕು.

"ದೊಡ್ಡದು ಇಡು. ಅದರ ಮೇಲೆ ಇದನ್ನ ಇಡು."

"ಇದು ಅಂದ್ರೆ ಯಾವುದು?"

"ಉದ್ದಂದು."

"ಅಡ್ಡ ಇಡ್ಲಾ, ನೆಟ್ಟಗೆ ಇಡ್ಲಾ?"

ಅವಳ ಕೈ ಗಾಳಿಯಲ್ಲೇ ಆಡಿತು. ಅವನಿಗೆ ಕಾಣಬೇಕಲ್ಲ! ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಡ್ಡ ಮಲಗಿಸು. ಒಂದು ತುದಿ ಬಾಗಿಲ ಕಡೆ, ಇನ್ನೊಂದು ಬೋರ್ಡ್ ಕಡೆ."

ನನಗೆ ಮೈ ಜುಮ್ಮೆಂದಿತು. ಶಾಲೆ ಶುರುವಾದಾಗಿನಿಂದ "ಹೂಂ ಮಿಸ್" ಬಿಟ್ಟರೆ ಬೇರೆ ಮಾತಾಡದ ಹುಡುಗಿ ಅವಳು.

ಮೇಲೆ, ಕೆಳಗೆ, ನಡುವೆ, ಪಕ್ಕ. ಆಡುತ್ತಾ ಕಲಿಯುವ ನಲಿಕಲಿ ಪದ್ಧತಿಯ ಕಾರ್ಡು ತೋರಿಸಿ ಇವನ್ನು ಎಷ್ಟು ಸಲ ಹೇಳಿಸಿದ್ದೇನೋ. ಹೇಳುತ್ತಿದ್ದರು, ಮರೆಯುತ್ತಿದ್ದರು. ಮಾತು ತಪ್ಪಿದರೆ ಗೆಳೆಯನ ಮನೆ ಬಿದ್ದೇಹೋಗುತ್ತೆ ಅಂದಾಗ ಮಗು ತಾನೇ ಪದ ಹುಡುಕುತ್ತೆ. ಕಿಂಡರ್‌ಗಾರ್ಟನ್ ಅನ್ನೋ ಹೆಸರು ಕೊಟ್ಟ ಜರ್ಮನಿಯ ಫ್ರೋಬೆಲ್ ಕೂಡ ಮಕ್ಕಳ ಕೈಗೆ ಇಟ್ಟದ್ದು ಎಂಟು ಪುಟ್ಟ ಮರದ ಘನಗಳನ್ನೇ, ಸುಮಾರು 1840ರ ಹೊತ್ತಿಗೆ. ನಮ್ಮ ಎಂಟು ತುಂಡು ಅಷ್ಟು ನಯವಾಗಿಲ್ಲ. ಕೆಲಸ ಮಾತ್ರ ಅದೇ ಮಾಡುತ್ತವೆ.

ಕಟ್ಟಿದ್ದನ್ನು ಬರೆದಿಡು ಅಂದೆ, ಮೂರನೇ ತರಗತಿಯವರು ಓದಿ ಕಟ್ಟಲಿ ಅಂತ. ನಾಲ್ಕು ಸಾಲು ಬರೆದಳು. ಹುಡುಗ ಮೊದಲು ಓದಿದ. "ಅಡ ಮಲಗಿಸು... ಅಡ ಅಂದ್ರೆ ಏನೇ?"

ಅವಳು ಕಾಗದ ಕಿತ್ತುಕೊಂಡಳು. "ಅಡ್... ಡ" ಅಂತ ಬಾಯಲ್ಲೇ ಬಿಡಿಸಿ ಹೇಳಿಕೊಂಡು, ಡ ಕೆಳಗೆ ಪೆನ್ಸಿಲ್ ಒತ್ತಿ ಇನ್ನೊಂದು ಡ ಕೂರಿಸಿದಳು. ಒತ್ತಕ್ಷರ! ನಾನು ಕೆಂಪು ಪೆನ್ನು ಮುಟ್ಟಲೇ ಇಲ್ಲ.

ಕಾಗದವನ್ನು, ಮಕ್ಕಳು ಮಾಡಿದ್ದನ್ನು ತೂಗುಹಾಕೋಕೆ ತರಗತಿಯಲ್ಲಿ ತಲೆ ಮೇಲೆ ಕಟ್ಟಿರುವ ಚಪ್ಪರಕ್ಕೆ ಅವಳ ಕೈಯಲ್ಲೇ ಕಟ್ಟಿಸಿದೆ. ಮೂರನೇ ಸಾಲಿನಲ್ಲಿ "ಪಕ್ಕದಲ್ಲಿ ಚಿಕ್ಕದು ಇಡು" ಅಂತಿದೆ, ಎಡಕ್ಕೋ ಬಲಕ್ಕೋ ಬರೆದಿಲ್ಲ. ನಾನು ಹೇಳಲಿಲ್ಲ. ಸೋಮವಾರ ಕಟ್ಟೋಕೆ ಕೂತವರೇ ಅವಳನ್ನು ಕೇಳಲಿ.