ಕಾಸಾಬ್ಲಾಂಕಾ: ಕಾಯುವವರ ಊರಿನ ಪ್ರೇಮಕಥೆ

'ಕಾಸಾಬ್ಲಾಂಕಾ' ಚಿತ್ರದಲ್ಲಿ ಕೆಫೆ ನಡೆಸುವ ರಿಕ್‌ನ ಮುಖಕ್ಕಿಂತ ಮೊದಲು ನಮಗೆ ಕಾಣುವುದು ಅವನ ಕೈ. ಮೇಜಿನ ಮೇಲೆ ಸಾವಿರ ಫ್ರಾಂಕಿನ ಒಂದು ಚೆಕ್, ಅದರ ಮೇಲೆ ಅವನು 'ಓಕೆ, ರಿಕ್' ಎಂದು ಗೀಚುತ್ತಾನೆ. ಚೆಕ್ಕಿನ ತಾರೀಖು 1941ರ ಡಿಸೆಂಬರ್ 2. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದದ್ದು ಅದೇ ತಿಂಗಳ 7ಕ್ಕೆ. ಅಂದರೆ ಕಥೆ ನಡೆಯುವಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿಲ್ಲ, ಅಮೆರಿಕದವನಾದ ರಿಕ್ ಕೂಡ ಯಾರ ಕಡೆಗೂ ನಿಲ್ಲುವುದಿಲ್ಲ. ಅದೇ ರಾತ್ರಿ ಕುಡಿದು ಕೂತವನು, ನ್ಯೂಯಾರ್ಕ್‌ನಲ್ಲಿ ಈಗ ಗಂಟೆ ಎಷ್ಟು ಎಂದು ಕೆಫೆಯ ಹಾಡುಗಾರ ಸ್ಯಾಮ್‌ನನ್ನು ಕೇಳಿ, ಅಮೆರಿಕ ಪೂರ್ತಿ ಮಲಗಿರಬೇಕು ಎನ್ನುತ್ತಾನೆ. ಚಿತ್ರ ನ್ಯೂಯಾರ್ಕ್‌ನಲ್ಲಿ ತೆರೆ ಕಂಡದ್ದು 1942ರ ನವೆಂಬರ್ 26ರಂದು. ಆ ಪ್ರೇಕ್ಷಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

'ಕಾಸಾಬ್ಲಾಂಕಾ' ಎಂದರೆ ಎಲ್ಲರ ಬಾಯಲ್ಲೂ ರಿಕ್ ಆದ ಹಂಫ್ರಿ ಬೊಗಾರ್ಟ್ ಮತ್ತು ಅವನ ಹಳೆಯ ಪ್ರೇಯಸಿ ಇಲ್ಸಾ ಆದ ಇಂಗ್ರಿಡ್ ಬರ್ಗ್‌ಮನ್. ಆ ಜೋಡಿಯ ಬಗ್ಗೆ ತಕರಾರಿಲ್ಲ. ಆದರೆ ಚಿತ್ರವನ್ನು ಇಷ್ಟು ವರ್ಷ ಜೀವಂತ ಇಟ್ಟಿರುವುದು ನಾಜಿಗಳಿಂದ ತಪ್ಪಿಸಿಕೊಂಡು ಬಂದು ಅವರಿಬ್ಬರ ಸುತ್ತ ಕೂತು ಕಾಯುತ್ತಿರುವ ಜನ. ಆರಂಭದ ನಿರೂಪಣೆಯೇ ಆ ದಾರಿಯನ್ನು ತೋರಿಸುತ್ತದೆ: ಪ್ಯಾರಿಸ್‌ನಿಂದ ಮಾರ್ಸೇ, ಸಮುದ್ರ ದಾಟಿ ಓರಾನ್, ಅಲ್ಲಿಂದ ರೈಲೋ ಕಾರೋ ನಡಿಗೆಯೋ, ಹೇಗಾದರೂ ಮೊರಾಕ್ಕೊದ ಕಾಸಾಬ್ಲಾಂಕಾ. ದುಡ್ಡು, ವಶೀಲಿ, ಅದೃಷ್ಟ ಇದ್ದವರು ಲಿಸ್ಬನ್‌ಗೆ, ಆಮೇಲೆ ಅಮೆರಿಕಕ್ಕೆ. ಉಳಿದವರು ಕಾಯುತ್ತಾರೆ, ಕಾಯುತ್ತಲೇ ಇರುತ್ತಾರೆ.

ಕಥೆಯ ಕೀಲಿಯಾದ, ಊರು ಬಿಟ್ಟು ಹೊರಡಲು ಅನುಮತಿ ಕೊಡುವ 'ಲೆಟರ್ಸ್ ಆಫ್ ಟ್ರಾನ್ಸಿಟ್' ಎಂಬ ಕಾಗದ ನಿಜ ಜೀವನದಲ್ಲಿ ಇರಲೇ ಇಲ್ಲ, ಅದು ಕಲ್ಪನೆ. ಯಾರೂ ಪ್ರಶ್ನಿಸಲಾಗದ, ರದ್ದು ಮಾಡಲಾಗದ ಒಂದು ಹಾಳೆ ನಾಜಿಗಳ ಕೈಗೆ ಎಟುಕುವ ಊರಿನಲ್ಲಿ ನಡೆಯುತ್ತಿತ್ತೇ ಎಂದು ಕೇಳಿದರೆ ಉತ್ತರವಿಲ್ಲ. ಹಾಗಿದ್ದೂ ಅದು ಸುಳ್ಳೆನಿಸುವುದಿಲ್ಲ. ಆ ಕಾಲದ ನಿರಾಶ್ರಿತನಿಗೆ ಹೊರಡಲು ಒಂದು ವೀಸಾ, ನಡುವಿನ ದೇಶಗಳನ್ನು ದಾಟಲು ಇನ್ನೊಂದು, ಸೇರುವ ದೇಶದ್ದು ಮತ್ತೊಂದು ಬೇಕಿತ್ತು. ಎರಡನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಕಚೇರಿಯಿಂದ ಕಚೇರಿಗೆ ಅಲೆದವರ ಆ ಸಂಕಟವನ್ನೆಲ್ಲ ಬರಹಗಾರರು ಒಂದೇ ಕಾಗದದಲ್ಲಿ ಮಡಚಿಟ್ಟರು.

ಬಲ್ಗೇರಿಯಾದ ಎಳೆ ಹುಡುಗಿ ಅನ್ನಿನಾಳ ದೃಶ್ಯವನ್ನು ಎರಡನೇ ಸಲ ಗಮನವಿಟ್ಟು ನೋಡಿ. ಗಂಡ ಜೂಜಿನಲ್ಲಿ ಇದ್ದದ್ದನ್ನೆಲ್ಲ ಕಳೆಯುತ್ತಿದ್ದಾನೆ. ವೀಸಾ ಬೇಕೆಂದರೆ ಪೊಲೀಸ್ ಅಧಿಕಾರಿ ರೆನೋ ಹೇಳಿದ್ದಕ್ಕೆ ಅವಳು ಒಪ್ಪಬೇಕು. ಗಂಡನಿಗಾಗಿ ಒಂದು ತಪ್ಪು ಮಾಡಿ ಅದನ್ನು ಎದೆಯಲ್ಲೇ ಮುಚ್ಚಿಟ್ಟುಕೊಂಡರೆ ಕ್ಷಮಿಸಬಹುದೇ ಎಂದು ರಿಕ್‌ನನ್ನು ಕೇಳುತ್ತಾಳೆ. ಇಲ್ಸಾ ಪ್ಯಾರಿಸ್‌ನಲ್ಲಿ ಅವನನ್ನು ಬಿಟ್ಟುಹೋದದ್ದರ ಉತ್ತರವೂ ಈ ಪ್ರಶ್ನೆಯೊಳಗೇ ಇದೆ. ರಿಕ್ ಗಡುಸಾಗಿ ಎದ್ದು ಹೋಗುತ್ತಾನೆ. ನೇರ ರೂಲೆಟ್ ಮೇಜಿಗೆ ಹೋಗಿ, 22ರ ಮೇಲೆ ಹಾಕು ಎಂದು ಹುಡುಗನಿಗೆ ಹೇಳಿ, ಚಕ್ರ ತಿರುಗಿಸುವವನತ್ತ ಒಮ್ಮೆ ನೋಡುತ್ತಾನೆ. 22 ಬೀಳುತ್ತದೆ. ಹಣ ಅಲ್ಲೇ ಬಿಡು ಎನ್ನುತ್ತಾನೆ. ಮತ್ತೆ 22. ತಗೊಂಡು ಹೋಗು, ಇನ್ನು ಈ ಕಡೆ ಬರಬೇಡ. ಯಾರಿಗಾಗಿಯೂ ಕುತ್ತಿಗೆ ಕೊಡುವುದಿಲ್ಲ ಎಂದವನು ಬದಲಾದದ್ದು ಇಲ್ಲೇ, ಒಂದು ಭಾಷಣವೂ ಇಲ್ಲದೆ.

ಆ ಚಕ್ರ ತಿರುಗಿಸುವವನ ಪಾತ್ರ ಮಾಡಿದ ಮಾರ್ಸೆಲ್ ದಾಲಿಯೊ ಫ್ರಾನ್ಸ್‌ನಲ್ಲಿ ದೊಡ್ಡ ನಟ. ಯೆಹೂದಿ. ಜರ್ಮನ್ನರು ಬರುವ ಮೊದಲು ಹೆಂಡತಿ ಮಾದ್ಲೆನ್ ಲೆಬೋ ಜೊತೆ ಪ್ಯಾರಿಸ್ ಬಿಟ್ಟು, ಲಿಸ್ಬನ್ ದಾರಿಯಾಗಿಯೇ ಅಮೆರಿಕ ಸೇರಿದವರು. ಲೆಬೋ ಇಲ್ಲಿ ಇವೋನ್, ರಿಕ್ ಕೈಬಿಟ್ಟ ಹುಡುಗಿ. ಜರ್ಮನ್ ಅಧಿಕಾರಿ ಸ್ಟ್ರಾಸರ್ ಆಗಿ ನಟಿಸಿದ ಕಾನ್ರಾಡ್ ಫೈಟ್ ಯೆಹೂದಿ ಹೆಂಡತಿಯೊಂದಿಗೆ ಜರ್ಮನಿ ತೊರೆದವರು. ಹೆಸರುಪಟ್ಟಿಯಲ್ಲಿರುವ ಕಲಾವಿದರ ಪೈಕಿ ಅಮೆರಿಕದಲ್ಲಿ ಹುಟ್ಟಿದವರು ಮೂವರೇ: ಬೊಗಾರ್ಟ್, ಸ್ಯಾಮ್ ಪಾತ್ರದ ಡೂಲಿ ವಿಲ್ಸನ್, ಅನ್ನಿನಾ ಪಾತ್ರದ ಜಾಯ್ ಪೇಜ್.

ಇದು ಗೊತ್ತಿದ್ದರೆ 'ಮಾರ್ಸೆಯೇಸ್' ದೃಶ್ಯ ಬೇರೆಯೇ ಆಗಿ ಕಾಣುತ್ತದೆ. ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ತಮ್ಮ ಹಾಡು ಹಾಡುತ್ತಿದ್ದಾರೆ. ಇಲ್ಸಾಳ ಗಂಡ, ನಾಜಿಗಳ ವಿರುದ್ಧ ಹೋರಾಡುವ ಲಾಸ್ಲೋ ಮೆಟ್ಟಿಲಿಳಿದು ಬಂದು ವಾದ್ಯದವರಿಗೆ ಫ್ರಾನ್ಸ್‌ನ ರಾಷ್ಟ್ರಗೀತೆ ನುಡಿಸಲು ಹೇಳುತ್ತಾನೆ. ವಾದ್ಯದವರು ಯಜಮಾನನ ಕಡೆ ನೋಡುತ್ತಾರೆ. ರಿಕ್ ತಲೆಯಾಡಿಸುತ್ತಾನೆ, ಅಷ್ಟೇ. ಆ ಸಂಜೆ ಜರ್ಮನ್ ಸೈನಿಕನ ತೋಳು ಹಿಡಿದು ಬಂದಿದ್ದ ಇವೋನ್ ಈಗ ಅಳುತ್ತ ಹಾಡುತ್ತಾಳೆ. ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಹೋಗುತ್ತದೆ. ಲೆಬೋಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಅವರ ಪ್ಯಾರಿಸ್ ಇನ್ನೂ ಜರ್ಮನ್ನರ ಕೈಯಲ್ಲಿತ್ತು. ಇಲ್ಸಾಳ ಮುಖವನ್ನೂ ಬಿಡಬೇಡಿ: ಗಂಡನನ್ನು ಅವಳು ನೋಡುವ ಆ ನೋಟದಲ್ಲಿ ಕೊನೆಯ ದೃಶ್ಯದ ಅರ್ಧ ಉತ್ತರ ಆಗಲೇ ಸಿಗುತ್ತದೆ.

ಇನ್ನು ಬೆಳಕಿನ ಮಾತು. ಛಾಯಾಗ್ರಾಹಕ ಆರ್ಥರ್ ಈಡೆಸನ್ ಬರ್ಗ್‌ಮನ್‌ರನ್ನು ಹೆಚ್ಚಾಗಿ ಎಡಮಗ್ಗುಲಿನಿಂದ, ಮಸೂರದ ಮುಂದೆ ತೆಳುವಾದ ಜಾಲರಿ ಇಟ್ಟು ಸೆರೆಹಿಡಿದರು. ಕಣ್ಣಿನಲ್ಲಿ ಹೊಳಪು ಮೂಡಲು ಬೇರೆ ಚಿಕ್ಕ ದೀಪ. ಕೆಫೆಯ ಒಳಗೆ ಎಲ್ಲಿ ನೋಡಿದರೂ ಕಂಬಿಯಂಥ ನೆರಳು, ಕಿಟಕಿಯಾಚೆಯಿಂದ ವಿಮಾನ ನಿಲ್ದಾಣದ ದೀಪ ಆಗಾಗ ಗೋಡೆಯ ಮೇಲೆ ಸುಳಿದುಹೋಗುತ್ತದೆ. ತಪ್ಪಿಸಿಕೊಳ್ಳುವ ದಾರಿ ಇಷ್ಟು ಹತ್ತಿರ ಇದೆ ಎಂದು ಆ ದೀಪ ನೆನಪಿಸುತ್ತಲೇ ಇರುತ್ತದೆ. ಪ್ಯಾರಿಸ್‌ನ ನೆನಪಿನಲ್ಲಿ ಮಾತ್ರ ಎಲ್ಲೆಲ್ಲೂ ತಿಳಿ ಬೆಳಕು. ಅದು ಮುಗಿಯುವುದು ರೈಲು ನಿಲ್ದಾಣದ ಮಳೆಯಲ್ಲಿ. ಇಲ್ಸಾಳ ಕಾಗದ ರಿಕ್‌ನ ಕೈಯಲ್ಲಿದೆ. ಹನಿಗಳು ಬಿದ್ದು ಶಾಯಿ ಕರಗಿ, ಅಕ್ಷರಗಳು ಒಂದೊಂದಾಗಿ ಕೆಳಗೆ ಹರಿಯುತ್ತವೆ.

ಈ ಬೂದು ಛಾಯೆಗಳನ್ನು ಟಿವಿಯೇ ಹಾಳುಮಾಡುವುದುಂಟು, ಆದ್ದರಿಂದ ನೋಡಲು ಕೂರುವ ಮೊದಲು ಸೆಟ್ಟಿಂಗ್ ಸರಿ ಮಾಡಿಕೊಳ್ಳಿ. ಚಿತ್ರದ ಚೌಕಟ್ಟಿನ ಅಳತೆ 1.37:1. ಎಡಬಲಕ್ಕೆ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಲಿ ಎಂದು ಎಳೆದರೆ ಮುಖಗಳು ಅಗಲವಾಗುತ್ತವೆ, ಝೂಮ್ ಮಾಡಿದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಚಲನೆಯನ್ನು ನುಣುಪಾಗಿಸುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಸೆಕೆಂಡಿಗೆ 24 ಫ್ರೇಮಿನ ಚಿತ್ರ ಧಾರಾವಾಹಿಯಂತೆ ಜಾರುತ್ತದೆ. ಶಾರ್ಪ್‌ನೆಸ್ ಇಳಿಸಿ. ಅದು ಜಾಸ್ತಿಯಾದರೆ ಜಾಲರಿಯ ಮೃದುತ್ವ ಹೋಗಿ ಫಿಲ್ಮಿನ ಕಣಗಳು ಇರುವೆ ಹರಿದಂತೆ ಕಾಣುತ್ತವೆ. ಚಿತ್ರದ ಬಣ್ಣ ವಾರ್ಮ್‌ನಲ್ಲಿರಲಿ, ಕೂಲ್‌ನಲ್ಲಿ ಬಿಳಿ ಭಾಗ ನೀಲಿಗೆ ತಿರುಗುತ್ತದೆ. 1988ರಲ್ಲಿ ಬಂದ ಬಣ್ಣ ಹಚ್ಚಿದ ಪ್ರತಿಯನ್ನು ಮುಟ್ಟಲೇಬೇಡಿ. ನೆರಳನ್ನೇ ನಂಬಿ ಕಟ್ಟಿದ ಚಿತ್ರ ಇದು. ಒಟ್ಟು 102 ನಿಮಿಷ, ಒಂದೇ ಸಲಕ್ಕೆ ನೋಡಿ. ಮಾತು ಬಹಳ ಚುರುಕು, ಮೊದಲ ಸಲ ಸಬ್‌ಟೈಟಲ್ ಇರಲಿ.

ಸ್ಯಾಮ್ ಹಾಡುವ 'ಆ್ಯಸ್ ಟೈಮ್ ಗೋಸ್ ಬೈ' ಚಿತ್ರಕ್ಕೆಂದು ಬರೆದದ್ದಲ್ಲ. ಹರ್ಮನ್ ಹಪ್‌ಫೆಲ್ಡ್ ಅದನ್ನು ಬರೆದದ್ದು 1931ರಲ್ಲಿ, ರಂಗಭೂಮಿಗೆ. ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್‌ಗೆ ಆ ಹಾಡನ್ನು ತೆಗೆದು ಸ್ವಂತದ್ದು ಹಾಕುವ ಆಸೆಯಿತ್ತು. ಅಷ್ಟರಲ್ಲಿ ಬರ್ಗ್‌ಮನ್ ಮುಂದಿನ ಚಿತ್ರಕ್ಕಾಗಿ ಕೂದಲು ಕತ್ತರಿಸಿಕೊಂಡಿದ್ದರು, ಮರುಚಿತ್ರೀಕರಣ ಆಗಲಿಲ್ಲ. ಸ್ಟೈನರ್ ಆ ರಾಗವನ್ನೇ ಹಿನ್ನೆಲೆ ಸಂಗೀತದ ಉದ್ದಕ್ಕೂ ನೇಯ್ದರು. ಡೂಲಿ ವಿಲ್ಸನ್ ಮೂಲತಃ ಡ್ರಮ್ ಬಾರಿಸುವವರು. ದನಿ ಅವರದೇ, ಪಿಯಾನೋ ನುಡಿಸಿದ್ದು ಕ್ಯಾಮೆರಾ ಆಚೆ ಕೂತ ಎಲಿಯಟ್ ಕಾರ್ಪೆಂಟರ್.

ರಿಕ್ ಇಲ್ಸಾಳನ್ನು ಗಂಡನ ಜೊತೆ ವಿಮಾನದಲ್ಲಿ ಕಳಿಸಿಕೊಡುವ ಮುಗಿತಾಯ ಚಿತ್ರೀಕರಣದ ನಡುವೆಯೂ ಬರೆದು ಮುಗಿದಿರಲಿಲ್ಲ. ನಾನು ಪ್ರೀತಿಸುವುದು ಯಾರನ್ನು ಎಂದು ಬರ್ಗ್‌ಮನ್ ಕೇಳಿದರೆ, ಸದ್ಯಕ್ಕೆ ನಡುವೆ ಇರಲಿ ಎಂಬ ಉತ್ತರ ಬರುತ್ತಿತ್ತಂತೆ. ಮದುವೆಯಾದವಳು ಗಂಡನನ್ನು ಬಿಟ್ಟು ಪ್ರಿಯಕರನ ಜೊತೆ ಹೋಗುವುದನ್ನು ಅಂದಿನ ಹಾಲಿವುಡ್ ನೀತಿಸಂಹಿತೆ ಒಪ್ಪುತ್ತಿರಲಿಲ್ಲ ಎಂಬುದೂ ನಿಜ. ಆದರೆ ನಿಯಮಕ್ಕೆ ತಲೆಬಾಗಿ ಹೀಗೆ ಮುಗಿಸಿದರು ಎಂದು ನೋಡುವಾಗ ಒಮ್ಮೆಯೂ ಅನಿಸುವುದಿಲ್ಲ. ಆ ರಾತ್ರಿ ಇಲ್ಸಾಳನ್ನು ತನ್ನ ಬಳಿ ಇಟ್ಟುಕೊಂಡಿದ್ದರೆ, ಅನ್ನಿನಾಳನ್ನು ಕಾಪಾಡಿದ ರಿಕ್ ಅವನಾಗಿ ಉಳಿಯುತ್ತಿರಲಿಲ್ಲ.

ವಿಮಾನ ನಿಲ್ದಾಣದ ಆ ಮಂಜು ಸ್ಟುಡಿಯೋದೊಳಗೆ ಎಬ್ಬಿಸಿದ್ದು. ಹಿಂದೆ ಕಾಣುವ ವಿಮಾನ ಅಳತೆ ಕುಗ್ಗಿಸಿ ಮಾಡಿದ ಮಾದರಿ. ದೊಡ್ಡದಾಗಿ ಕಾಣಲೆಂದು ಅದರ ಸುತ್ತ ಕುಳ್ಳಗಿನವರನ್ನು ಕೆಲಸಗಾರರಾಗಿ ನಿಲ್ಲಿಸಿದರು. ಚಿತ್ರದ ಮೊದಲಲ್ಲಿ ಒಂದು ವಿಮಾನ ಊರಿನ ಮೇಲೆ ಹಾದುಹೋಗುವಾಗ ಬೀದಿಯಲ್ಲಿದ್ದವರೆಲ್ಲ ಕತ್ತೆತ್ತಿ ನೋಡುತ್ತಾರೆ. ನಾಳೆ ನಾವೂ ಅದರಲ್ಲಿರುತ್ತೇವೇನೋ ಎನ್ನುತ್ತಾಳೆ ಅನ್ನಿನಾ. ಅಂದು ಆ ವಿಮಾನದಲ್ಲಿ ಬಂದಿಳಿದವನು ಸ್ಟ್ರಾಸರ್. ಕೊನೆಯಲ್ಲಿ ಸ್ಟ್ರಾಸರ್ ನೆಲಕ್ಕುರುಳಿದ್ದಾನೆ, ಇಲ್ಸಾ ಇರುವ ವಿಮಾನ ಮಂಜಿನಲ್ಲಿ ಮೇಲೇರುತ್ತಿದೆ, ಅದೇ ರೀತಿ ಕತ್ತೆತ್ತಿ ನೋಡುತ್ತ ನಿಂತವರು ರಿಕ್ ಮತ್ತು ರೆನೋ.