ಗ್ರಹಣ ನೋಡಲು ಲಕ್ಕುಂಡಿಗೆ ಹೋಗುವವರು ತೂತಿನ ಸೌಟೊಂದನ್ನು ಒಯ್ಯಿರಿ

2019ರ ಡಿಸೆಂಬರ್ 26ರ ಸೂರ್ಯಗ್ರಹಣವನ್ನು ನೋಡಲು ನಾನು ಮತ್ತು ನನ್ನ ಸೋದರಮಾವ ಧಾರವಾಡದಿಂದ ಗದಗಿನ ಬಳಿಯ ಲಕ್ಕುಂಡಿಗೆ ಹೋಗಿದ್ದೆವು. ಅಂದು ಚಂದ್ರನ ಸುತ್ತ ಸೂರ್ಯನು ಬಳೆಯಂತೆ ಕಾಣುವ ಕಂಕಣಗ್ರಹಣವೇ ಬೇಕೆಂದವರು ಮಂಗಳೂರು, ಕೊಡಗಿನ ಕಡೆಗೆ ಹೊರಟಿದ್ದರು. ಜಾತ್ರೆಯಲ್ಲಿ ನಿಂತು ಆಕಾಶ ನೋಡುವ ಸಹನೆ ನನಗಿಲ್ಲ. ನಮ್ಮ ಭಾಗದಲ್ಲಿಯೂ ಸೂರ್ಯನ ಮುಕ್ಕಾಲು ಪಾಲಿಗಿಂತ ಹೆಚ್ಚು ಮುಚ್ಚುತ್ತದೆ ಎಂದು ತಿಳಿದ ಮೇಲೆ, ಹಾಳುಬಿದ್ದ ಗುಡಿಗಳ ನಡುವೆ ಶಾಂತವಾಗಿ ನೋಡೋಣವೆಂದು ಲಕ್ಕುಂಡಿಯನ್ನು ಆರಿಸಿಕೊಂಡೆ. ಅಲ್ಲಿಯ ಕಾಶಿವಿಶ್ವನಾಥ ಗುಡಿಗೆ ಎದುರಾಗಿ ಒಂದೇ ಜಗತಿಯ, ಅಂದರೆ ಎತ್ತರದ ಕಲ್ಲುಕಟ್ಟೆಯ ಮೇಲೆ ಸೂರ್ಯನಿಗೊಂದು ಚಿಕ್ಕ ಗುಡಿ ಇದೆ. ಗ್ರಹಣದ ದಿನ ಸೂರ್ಯನ ಗುಡಿಯ ನೆರಳಲ್ಲಿ ಕೂರಬೇಕೆಂಬ ಆಸೆಯೂ ಇತ್ತು.

ಮಾವನಿಗೆ ಇದು ಹಳೆಯ ಬಾಕಿ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಗದಗಿನ ಮೇಲೆಯೇ ಹಾದುಹೋದಾಗ ಅವರು ಅದೇ ಊರಿನಲ್ಲಿದ್ದರು. ಎರಡು ನಿಮಿಷಕ್ಕೂ ಮೇಲೆ ನಡುಮಧ್ಯಾಹ್ನದ ನಂತರದ ಕತ್ತಲೆ ಕವಿದಿದ್ದ ಆ ಹೊತ್ತಿನಲ್ಲಿ ಮನೆಮಂದಿಯೆಲ್ಲ ಕದ ಹಾಕಿಕೊಂಡು, ಕಿಟಕಿಗೆ ಚಾದರ ಕಟ್ಟಿಕೊಂಡು ಒಳಗೆ ಕುಳಿತಿದ್ದರಂತೆ. "ಲೋಕದ ಮಂದಿ ದುರ್ಬೀನು ತಗೊಂಡು ನಮ್ಮೂರಿಗೆ ಬಂದಿದ್ರು, ನಾವು ಅಡಗಿ ಮನ್ಯಾಗ ಒನಕಿ ನಿಲ್ಲಸ್ಕೋತ ಕುಂತಿದ್ವಿ" ಎಂದು ಅವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಮೊದಲ ಮೋಸ ಹುಬ್ಬಳ್ಳಿಯಲ್ಲೇ ಆಯಿತು. ಬಸ್ ನಿಲ್ದಾಣದ ಹೊರಗೆ ಪಾದಚಾರಿ ಮಾರ್ಗದ ಮೇಲೆ ಒಬ್ಬನು ರಟ್ಟಿನ ಚೌಕಟ್ಟಿಗೆ ಕಪ್ಪು ಹಾಳೆ ಅಂಟಿಸಿದ "ಗ್ರಹಣ ಕನ್ನಡಕ"ಗಳನ್ನು ಮಾರುತ್ತಿದ್ದ. ಎರಡಕ್ಕೆ 150 ರೂಪಾಯಿ ಕೊಟ್ಟೆ. ರಾತ್ರಿ ಕೋಣೆಯಲ್ಲಿ ಹಾಕಿಕೊಂಡು ನೋಡಿದರೆ ಟ್ಯೂಬ್‌ಲೈಟು, ಗೋಡೆಯ ಕ್ಯಾಲೆಂಡರು, ಮಾವನ ಮೀಸೆ ಎಲ್ಲವೂ ಕಾಣುತ್ತಿದ್ದವು. ಸೂರ್ಯನನ್ನು ನೋಡಲು ಯೋಗ್ಯವಾದ ಕನ್ನಡಕದಲ್ಲಿ ಸೂರ್ಯನ ಹೊರತು ಮನೆಯೊಳಗಿನ ಯಾವ ಸಾಮಾನೂ ಕಾಣಕೂಡದು. ಅಕ್ಷಿಪಟಲಕ್ಕೆ ನೋವಿನ ಅರಿವೇ ಇಲ್ಲವಾದ್ದರಿಂದ ಸುಟ್ಟದ್ದು ಆ ಕ್ಷಣದಲ್ಲಿ ಗೊತ್ತಾಗುವುದಿಲ್ಲ, ಗಂಟೆಗಳು ಕಳೆದ ಮೇಲೆ ನೋಟದ ನಡುವೆ ಕಲೆ ಕಂಡಾಗಲೇ ತಿಳಿಯುತ್ತದೆ. ಎಕ್ಸ್‌ರೇ ಹಾಳೆ, ಸಿ.ಡಿ., ಮಸಿ ಹಿಡಿಸಿದ ಗಾಜು ಇವೆಲ್ಲಕ್ಕೂ ಇದೇ ಮಾತು. ಮಾವ ನೆಚ್ಚಿಕೊಂಡಿದ್ದ ಅರಿಶಿನ ನೀರಿನ ತಾಟು ಕೂಡ ಸುರಕ್ಷಿತವಲ್ಲ, ಏಕೆಂದರೆ ನೀರಿನಲ್ಲಿ ಕಾಣುವ ಸೂರ್ಯನೂ ದಿಟ್ಟಿಸಿ ನೋಡುವವನ ಕಣ್ಣಿಗೆ ಬಹಳ ಪ್ರಖರ. ಎರಡೂ ಕನ್ನಡಕಗಳನ್ನು ಹರಿದು ಬುಟ್ಟಿಗೆ ಹಾಕಿದೆ.

ಗದಗಿನಲ್ಲಿ ನಾವು ತಂಗಿದ ವಸತಿಗೃಹದವರು ಫೋನಿನಲ್ಲಿ 700 ರೂಪಾಯಿ ಎಂದವರು, ಎದುರಿಗೆ ಹೋದಾಗ ಕ್ರಿಸ್‌ಮಸ್ ರಜೆಯೆಂದು 1,400 ಕೇಳಿದರು. ಬೆಳಿಗ್ಗೆ ಬಿಸಿನೀರು ಕೇಳಿದರೆ ಗ್ರಹಣ ಬಿಟ್ಟ ಮೇಲೆ, ಅಂದರೆ 11 ಗಂಟೆಯ ನಂತರವೇ ಎಂಬ ಉತ್ತರ ಬಂತು. "ಗ್ರಹಣ ಹಿಡಿಯೂದು ಸೂರ್ಯಗ, ನಿಮ್ಮ ಗೀಜರಿಗಲ್ಲ" ಎಂದು ಮಾವ ಜಗಳ ತೆಗೆದರೂ ತಣ್ಣೀರೇ ಗತಿಯಾಯಿತು. ಆದ್ದರಿಂದ ಬಾಡಿಗೆ, ಬಿಸಿನೀರು ಎರಡನ್ನೂ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. ಪೂಜೆ ನಡೆಯುವ ಗುಡಿಗಳು ಸಾಮಾನ್ಯವಾಗಿ ಗ್ರಹಣ ಬಿಡುವವರೆಗೆ ಮುಚ್ಚಿರುತ್ತವೆ, ಹಾಗಾಗಿ ವೀರನಾರಾಯಣನ ದರ್ಶನ ಬೇಕಾದವರು ಅದನ್ನು ಹಿಂದಿನ ಸಂಜೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ಗದಗಿನಿಂದ ಲಕ್ಕುಂಡಿಗೆ ಸುಮಾರು 12 ಕಿಲೋಮೀಟರ್ ಅಷ್ಟೇ. ಏಳೂವರೆಗೆ ಬಸ್ಸು ಹತ್ತಿದರೆ ಎಂಟರ ಒಳಗೆ ತಲುಪಬಹುದೆಂದು ಲೆಕ್ಕ ಹಾಕಿದ್ದೆ. ಆದರೆ ಗ್ರಹಣದ ಭಯಕ್ಕೆ ಜನರೇ ಹೊರಬಂದಿರಲಿಲ್ಲ. ಆರು ಮಂದಿಯನ್ನು ಕೂರಿಸಿಕೊಂಡು ಹೊರಡಲು ಮನಸ್ಸಿಲ್ಲದ ಬಸ್ಸು ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತಿತು, ಹೊರಟ ಮೇಲೆ ಕಂಡಕಂಡಲ್ಲಿ ಕಾಯಿತು. ಎಂಟು ಗಂಟೆ ದಾಟುತ್ತಿದ್ದಂತೆ ಚಂದ್ರನ ಅಂಚು ಸೂರ್ಯನನ್ನು ಮುಟ್ಟಿದ್ದನ್ನು ನಾವು ನೋಡಲೇ ಇಲ್ಲ. ನಾವು ಇಳಿದಾಗ 8 ಗಂಟೆ 40 ನಿಮಿಷ. ಅಂಥ ದಿನ ನಿಲ್ದಾಣ ಖಾಲಿ ಕಂಡರೆ ಸೀಟು ಸಿಕ್ಕಿತೆಂದು ಹಿಗ್ಗದೆ ಒಂದು ಗಂಟೆ ಮೊದಲೇ ಹೊರಡುವುದು ಲೇಸು.

ನನ್ನ ನಿಜವಾದ ಯೋಜನೆ ಜಾಲಂಧ್ರಗಳದ್ದಾಗಿತ್ತು. ಕಲ್ಲಿನ ಜಾಲರಿಯ ಒಂದೊಂದು ಕಿಂಡಿಯಿಂದಲೂ ಒಂದೊಂದು ಕುಡುಗೋಲಿನಂಥ ಸೂರ್ಯ ನೆಲದ ಮೇಲೆ ಬೀಳುತ್ತಾನೆಂದು ಮಾವನಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಬಿದ್ದದ್ದು ಬರೀ ಕಿಂಡಿಯ ಆಕಾರದ ಬಿಸಿಲು. ತಪ್ಪು ನನ್ನ ಲೆಕ್ಕದ್ದು. ಸಣ್ಣ ರಂಧ್ರದಿಂದ ಬೀಳುವ ಸೂರ್ಯಬಿಂಬದ ಅಗಲವು ರಂಧ್ರಕ್ಕೂ ನೆಲಕ್ಕೂ ಇರುವ ದೂರದ ಸುಮಾರು 110ನೇ ಒಂದು ಪಾಲು ಮಾತ್ರ ಇರುತ್ತದೆ. ಎರಡು ಮೀಟರ್ ದೂರಕ್ಕೆ ಬಿಂಬ ಎರಡು ಸೆಂಟಿಮೀಟರ್ ಕೂಡ ಆಗುವುದಿಲ್ಲ, ಕಿಂಡಿಯೋ ಮೂರು ಬೆರಳಿನಷ್ಟು ಅಗಲ. ರಂಧ್ರವು ಬಿಂಬಕ್ಕಿಂತ ಚಿಕ್ಕದಾಗಿದ್ದರೆ ಮಾತ್ರ ಸೂರ್ಯನ ರೂಪ ಮೂಡುತ್ತದೆ, ದೊಡ್ಡದಾದರೆ ರಂಧ್ರದ ರೂಪವೇ ಉಳಿಯುತ್ತದೆ. ಜಾಲಂಧ್ರದ ಆಸೆಗೆ ಇಷ್ಟು ದೂರ ಬರುವವರು ಇದನ್ನು ಮೊದಲೇ ತಿಳಿದಿರಲಿ.

ನಮ್ಮನ್ನು ಉಳಿಸಿದ್ದು ಬಸ್ಸು ನಿಲ್ಲುವಲ್ಲಿ ಒಬ್ಬ ಅಜ್ಜ ಇಟ್ಟಿರುವ ಬಜಿಯ ಡಬ್ಬಿ ಅಂಗಡಿ. ಒಲೆ ಹಚ್ಚುವುದು ಗ್ರಹಣ ಬಿಟ್ಟ ಮೇಲೆಯೇ ಎಂದು ಅಜ್ಜ ಪಾತ್ರೆ ಬೆಳಗುತ್ತ ಕುಳಿತಿದ್ದರು. ಎಣ್ಣೆಯಿಂದ ಬಜಿ ಎತ್ತುವ ತೂತಿನ ಸೌಟನ್ನು ಬೂದಿ ಹಚ್ಚಿ ತೊಳೆದು, ನೀರು ಝಾಡಿಸಲು ಎತ್ತಿ ಹಿಡಿದಾಗ ಅದರ ನೆರಳು ಎದುರಿನ ಸುಣ್ಣದ ಗೋಡೆಯ ಮೇಲೆ ಬಿತ್ತು. ಆ ನೆರಳಿನ ತುಂಬ ಮೀನಿನ ಹುರುಪೆಗಳಂತೆ ಒಂದಕ್ಕೊಂದು ತಾಗಿಕೊಂಡ ಪುಟ್ಟ ಪುಟ್ಟ ಕುಡುಗೋಲುಗಳು. ಗೋಡೆಯ ಸಮೀಪಕ್ಕೆ ತಂದರೆ ಮತ್ತೆ ದುಂಡು ತೂತುಗಳೇ, ಎರಡು ಮೊಳ ಹಿಂದಕ್ಕೆ ಸರಿಸಿದರೆ ಕುಡುಗೋಲುಗಳು. ಅಜ್ಜ ಸೌಟನ್ನು ಹಿಂದೆ ಮುಂದೆ ಆಡಿಸಿ, "ಐವತ್ತ ವರ್ಷ ಈ ಝಾರಾ ಹಿಡದೇನಿ, ಇದರಾಗ ಸೂರ್ಯ ಅದಾನಂತ ಯಾರೂ ಹೇಳಿರಲಿಲ್ಲ ನೋಡ್ರಿ" ಎಂದರು. 9 ಗಂಟೆ 25ರ ಸುಮಾರಿಗೆ ಗ್ರಹಣ ಗರಿಷ್ಠ ಮಟ್ಟ ತಲುಪಿದಾಗ ಕುಡುಗೋಲುಗಳು ತೆಳ್ಳಗಾಗಿ ಉಗುರು ಕತ್ತರಿಸಿದ ಚೂರುಗಳಂತೆ ಕಂಡವು. ಬಿಸಿಲು ಮಾಸಿ, ಚಳಿ ಮರಳಿತು. ಪಕ್ಕದ ಬೇವಿನ ಮರದಡಿಯಲ್ಲಿಯೂ ಎಲೆಗಳ ಸಂದಿನಿಂದ ಅದೇ ಚಿತ್ರ ನೆಲದ ತುಂಬ ಚೆಲ್ಲಿತ್ತು. ಅದೂ ಸೊಗಸೇ, ಆದರೆ ಗಾಳಿ ಬಂದಾಗಲೆಲ್ಲ ಕಲಕಿಹೋಗುತ್ತಿತ್ತು. ರವೆ ಸೋಸುವ ಜರಡಿಯನ್ನೂ ಹಿಡಿದು ನೋಡಿದೆವು, ತೂತುಗಳು ತೀರಾ ಒತ್ತಾಗಿದ್ದರಿಂದ ಬಿಂಬಗಳು ಕಲೆತು ಬರೀ ಮಬ್ಬಾಯಿತು. ಸೂರ್ಯನಿಗೆ ಬೆನ್ನು ಮಾಡಿ ನಿಂತು ಗೋಡೆ ನೋಡುವ ಈ ಉಪಾಯದಲ್ಲಿ ಮಕ್ಕಳ ಕಣ್ಣಿನ ಚಿಂತೆಯೇ ಇರುವುದಿಲ್ಲ.

ಹನ್ನೊಂದು ದಾಟಿ ಗ್ರಹಣ ಬಿಟ್ಟ ಮೇಲೆ ಅಜ್ಜ ಮನೆಗೆ ಹೋಗಿ ಮಿಂದು ಬಂದು ಒಲೆ ಹಚ್ಚಿದರು. ಗದಗಿನ ಬದನೆಕಾಯಿ ಬಜಿಯ ಹೆಸರು ಕೇಳದವರಿಲ್ಲ, ಆದರೆ ಇಲ್ಲಿಯದನ್ನು ತಿಂದ ಮೇಲೆ ನಾನು ಪೇಟೆಯ ಅಂಗಡಿಗಳ ಮುಂದೆ ಸರದಿ ನಿಲ್ಲುವುದನ್ನು ಬಿಟ್ಟಿದ್ದೇನೆ. ಹಿಟ್ಟಿನ ಹೊದಿಕೆ ತೆಳ್ಳಗೆ, ಕಡಿದರೆ ಗರಿಗರಿ, ಒಳಗೆ ಬದನೆ ಬೆಣ್ಣೆಯಂತೆ ಬೆಂದಿರುತ್ತದೆ. ಮೇಲೆ ಉದುರಿಸುವ ಶೇಂಗಾ ಚಟ್ನಿಪುಡಿಯಲ್ಲಿ ಬೆಳ್ಳುಳ್ಳಿಯ ಕೈ ಮುಂದಾಗಿರುತ್ತದೆ. ಜೊತೆಗೆ ಚುರಮುರಿಯ ಗಿರ್ಮಿಟ್ಟು, ಅದಕ್ಕೆ ಹಸಿ ಉಳ್ಳಾಗಡ್ಡಿ ಮತ್ತು ಪುಟಾಣಿ ಹಿಟ್ಟನ್ನು ಅವರು ಕೈತುಂಬ ಹಾಕುತ್ತಾರೆ. ಬೆಳಗಿನಿಂದ ಉಪವಾಸವಿದ್ದ ಇಬ್ಬರೂ ಹೊಟ್ಟೆ ತುಂಬ ತಿಂದು, ಎರಡೆರಡು ಸಲ ಚಹಾ ಕುಡಿದು ಕೊಟ್ಟದ್ದು 90 ರೂಪಾಯಿ.

ಮುಂದೆ ಹೋಗುವವರಿಗೆ ಹೇಳುವುದಾದರೆ, 2027ರ ಆಗಸ್ಟ್ 2ರ ಗ್ರಹಣ ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಮೀರಿದ ಪೂರ್ಣಗ್ರಹಣ, ನಮಗೆ ಇಳಿಹೊತ್ತಿನ ಪಾರ್ಶ್ವಗ್ರಹಣ ಮಾತ್ರ. ಅದು ಮಳೆಗಾಲವಾದ್ದರಿಂದ ಬಿಸಿಲನ್ನು ನಂಬಿ ವಸತಿಗೃಹಕ್ಕೆ ಮುಂಗಡ ಕೊಡಬೇಡಿ. ಬೆಳಿಗ್ಗೆ ಆಕಾಶ ನೋಡಿಕೊಂಡು ಹುಬ್ಬಳ್ಳಿಯಿಂದ ಹೊರಟರೂ ಸಮಯ ಸಾಕು. ಇಳಿಬಿಸಿಲಿಗೆ ಒಂದು ಸಣ್ಣ ಕನ್ನಡಿಯೂ ಜೊತೆಗಿರಲಿ. ಅರ್ಧ ಸೆಂಟಿಮೀಟರ್ ತೂತಿರುವ ಕಾಗದವನ್ನು ಅದರ ಮೇಲೆ ಅಂಟಿಸಿ, ಹತ್ತು ಮೀಟರ್ ಆಚೆಯ ನೆರಳಿನ ಗೋಡೆಗೆ ಬೆಳಕು ಹಾಯಿಸಿದರೆ ಅಂಗೈಯಗಲದ ಸೂರ್ಯ ಸಿಗುತ್ತಾನೆ. ಕನ್ನಡಿಯೊಳಗೆ ಮಾತ್ರ ಇಣುಕಬಾರದು. 2031ರ ಮೇ 21ರ ಕಂಕಣದ ದಾರಿ ಕೇರಳ, ತಮಿಳುನಾಡಿನದು. ನಮ್ಮಲ್ಲಿ ಆಗ ನೆತ್ತಿಯ ಬಿಸಿಲಾದ್ದರಿಂದ ಬೇವಿನ ಮರದ ಬುಡದಲ್ಲೇ ಕುಡುಗೋಲುಗಳನ್ನು ಹುಡುಕಬಹುದು. ಅಜ್ಜನ ಅಂಗಡಿಗೆ ಹೋದವರು ಚಹಾಕ್ಕೆ ಸಕ್ಕರೆ ಕಡಿಮೆ ಬೇಕೆಂಬುದನ್ನು ಕೂರುವ ಮೊದಲೇ ಹೇಳಬೇಕು, ಪಾಕದಂಥ ಚಹಾ ಅಲ್ಲಿ ಮೊದಲೇ ಕುದಿಯುತ್ತಿರುತ್ತದೆ.